ಎಕ್‌ಹಾರ್ಟನ ಮರುಭೂಮಿ, ಅಲ್ಲಮನ ಬಯಲು: ಎರಡೂ ಒಂದೇ ಎನ್ನಬಹುದೇ?

ಪ್ರಶ್ನೆ: ನಾನು ದಾವಣಗೆರೆಯ ಕಥೋಲಿಕ ಮನೆತನದವಳು, ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕಿ. ಶ್ರಾವಣದಲ್ಲಿ ಪಕ್ಕದ ಮನೆಯ ಅಕ್ಕನವರ ಜೊತೆ ವಿರಕ್ತಮಠದ ಪ್ರವಚನಕ್ಕೆ ಹೋಗುತ್ತೇನೆ. ಸೆಪ್ಟೆಂಬರಿನಲ್ಲಿ ಅವರು ನನ್ನೊಡನೆ ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಬರುತ್ತಾರೆ. ಈಚೆಗೆ ಮೈಸ್ಟರ್ ಎಕ್‌ಹಾರ್ಟನ ಪ್ರವಚನಗಳನ್ನು ಓದಿದಾಗ ಅವನು ಹೇಳುವ ‘ಮರುಭೂಮಿ’ಯೂ ಅಲ್ಲಮನ ‘ಬಯಲು’ ಕೂಡ ಒಂದೇ ಎನಿಸಿತು. ಹಾಗೆ ಹೇಳಬಹುದೇ? ಅಕ್ಕನವರ ಜೊತೆ ಕುಳಿತು ಮೌನವಾಗಿ ಧ್ಯಾನ ಮಾಡಿದರೆ ನನ್ನ ವಿಶ್ವಾಸಕ್ಕೆ ಕುಂದುಂಟೇ? ನಾವಿಬ್ಬರೂ ಕೂಡಿ ಓದುವುದಾದರೆ ಎಲ್ಲಿಂದ ಆರಂಭಿಸಬೇಕು?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ‘ಒಂದೇ’ ಎಂಬ ತೀರ್ಮಾನಕ್ಕೆ ಇಷ್ಟು ಬೇಗ ಬರಬೇಡಿ. ಒಂದೇ ಎಂದ ಕೂಡಲೇ ಎರಡನ್ನೂ ಮುಂದೆ ಓದುವ ಅಗತ್ಯ ಉಳಿಯುವುದಿಲ್ಲ. ಎಕ್‌ಹಾರ್ಟನನ್ನು ಓದಿದವರು ಅಲ್ಲಮನನ್ನು ಓದಿದಂತೆಯೇ ಎಂದಾಗಿಬಿಡುತ್ತದೆ. ನಿಮಗೆ ಕಂಡ ಹೋಲಿಕೆ ಸುಳ್ಳಲ್ಲ, ಅದನ್ನು ಕಂಡವರಲ್ಲಿ ನೀವು ಮೊದಲಿಗರೂ ಅಲ್ಲ. ಆದರೆ ಈ ಎರಡು ಪರಂಪರೆಗಳು ಹೆಚ್ಚು ಗಟ್ಟಿಯಾಗಿ ಪರಸ್ಪರ ಕೈಹಿಡಿಯುವ ಜಾಗ ಬಯಲು, ಮರುಭೂಮಿಗಳ ಎತ್ತರದಲ್ಲಿಲ್ಲ, ಅದು ದಿನದ ದುಡಿಮೆಯಲ್ಲಿದೆ ಎಂಬುದು ಹಲವು ವರ್ಷ ಚಿತ್ರದುರ್ಗದಲ್ಲಿ ಈ ವಿಷಯವನ್ನು ಪಾಠ ಹೇಳುತ್ತ ನಾನು ಕಂಡುಕೊಂಡ ಮಾತು. ಅದಕ್ಕೆ ಬರುವ ಮೊದಲು ನಿಮ್ಮ ಹೋಲಿಕೆಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ.

ಎಕ್‌ಹಾರ್ಟ್ ಸುಮಾರು 1260ರಲ್ಲಿ ಜರ್ಮನಿಯ ಥುರಿಂಜಿಯಾ ಪ್ರಾಂತ್ಯದಲ್ಲಿ ಹುಟ್ಟಿದ ಡೊಮಿನಿಕನ್ ಎಂಬ ಕಥೋಲಿಕ ಪಂಗಡದ ಸಂನ್ಯಾಸಿ. ಪ್ಯಾರಿಸ್ಸಿನ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ನಿನಲ್ಲಿ ಪಾಠ ಹೇಳಿದ ವಿದ್ವಾಂಸನಾದರೂ ಅವನ ಹೆಸರು ಉಳಿದಿರುವುದು ಸಂನ್ಯಾಸಿನಿಯರಿಗೂ ಸಾಮಾನ್ಯ ಜನರಿಗೂ ಅವರದೇ ಜರ್ಮನ್ ಮಾತಿನಲ್ಲಿ ನೀಡಿದ ಪ್ರವಚನಗಳಿಂದ. ಹೆಸರು, ರೂಪ, ಗುಣಗಳನ್ನು ಹಚ್ಚಿ ನಾವು ಕರೆಯುವ ದೇವರ ಆಚೆಗೆ ಯಾವ ಹೆಸರೂ ನಿಲ್ಲದ ದೈವತ್ವವಿದೆ, ಅದು ಮರುಭೂಮಿಯಂತೆ ನಿಶ್ಶಬ್ದ, ಆತ್ಮದ ತಳವೂ ಅಲ್ಲಿಯೇ ಬೇರೂರಿದೆ ಎಂದು ಅವನು ಹೇಳುತ್ತಾನೆ. ‘ದೇವರಿಂದ ನನ್ನನ್ನು ಬಿಡಿಸೆಂದು ದೇವರನ್ನೇ ಬೇಡುತ್ತೇನೆ’ ಎಂಬ ಅವನ ಮಾತನ್ನು ಓದಿದ ಕನ್ನಡಿಗರಿಗೆ ಅಲ್ಲಮ ನೆನಪಾಗದೇ ಇರಲಾರನು. ಈಗ ಅಲ್ಲಮನ ‘ಬಯಲು ಬಯಲನೆ ಬಿತ್ತಿ’ ಎಂದು ಆರಂಭವಾಗುವ ವಚನದ ಕೊನೆಯನ್ನು ಗಮನಿಸಿ: ‘ನಿಮ್ಮ ಪೂಜಿಸಿದವರು ಮುನ್ನವೆ ಬಯಲಾದರು, ನಾ ನಿಮ್ಮ ನಂಬಿ ಬಯಲಾದೆ ಗುಹೇಶ್ವರಾ.’ ಎಲ್ಲವೂ ಬಯಲಾದ ಮೇಲೂ ‘ನಿಮ್ಮ’ ಎಂಬ ಸಂಬೋಧನೆ ಉಳಿದಿದೆ, ‘ನಂಬಿ’ ಎಂಬ ಕ್ರಿಯೆಯೂ ಉಳಿದಿದೆ. ಅಲ್ಲಮನದು ಒಣ ಶೂನ್ಯವೆಂದು ತಿಳಿದವರು ಈ ಸಾಲನ್ನು ಮತ್ತೆ ಓದಬೇಕು. ಎಕ್‌ಹಾರ್ಟನೂ ಮರುಭೂಮಿಯಲ್ಲೇ ಉಳಿಯುವುದಿಲ್ಲ; ಆ ನಿಶ್ಶಬ್ದದಲ್ಲಿ ತಂದೆಯಾದ ದೇವರು ತನ್ನ ಪುತ್ರನನ್ನು ಮನುಷ್ಯನ ಆತ್ಮದೊಳಗೆ ಸದಾ ಹುಟ್ಟಿಸುತ್ತಿರುತ್ತಾನೆ ಎಂಬುದು ಅವನು ಮತ್ತೆ ಮತ್ತೆ ಹಿಂತಿರುಗುವ ಮಾತು. ಅಂದರೆ ಅವನ ಮರುಭೂಮಿಗೆ ಕ್ರಿಸ್ತಜನನದ ದಿಕ್ಕಿದೆ. ಅಲ್ಲಮನ ಬಯಲಿಗೆ ಅಂಥ ಜನನದ ಹಂಗಿಲ್ಲ. ಇಬ್ಬರೂ ಹೆಸರುಗಳನ್ನು ಕಳಚುತ್ತಾರೆ, ಆದರೆ ಕಳಚಿದ ಮೇಲೆ ಅವರು ಕೇಳುವುದು ಬೇರೆ ಬೇರೆ.

ಈ ವ್ಯತ್ಯಾಸ ಪುಸ್ತಕದೊಳಗಿನ ಸಣ್ಣ ವಿಚಾರವೆಂದು ಭಾವಿಸಬೇಡಿ. ಕ್ರೈಸ್ತ ಪರಂಪರೆ ತನ್ನೊಳಗೇ ಇದರ ಬಗ್ಗೆ ಕಟುವಾಗಿ ವಾದ ಮಾಡಿದೆ. ಎಕ್‌ಹಾರ್ಟ್ ತೀರಿಕೊಂಡ ಮೇಲೆ, 1329ರ ಮಾರ್ಚ್ 27ರಂದು, ಇಪ್ಪತ್ತೆರಡನೆಯ ಜಾನ್ ಪೋಪರು ಹೊರಡಿಸಿದ ಆಜ್ಞಾಪತ್ರದಲ್ಲಿ ಅವನ 28 ಹೇಳಿಕೆಗಳು ಖಂಡನೆಗೆ ಒಳಗಾದವು. ಅವುಗಳಲ್ಲೊಂದು, ಬಲಿಪೂಜೆಯಲ್ಲಿ (ಮಾಸ್) ರೊಟ್ಟಿಯು ಕ್ರಿಸ್ತನ ಶರೀರವಾಗುವಂತೆ ನಾವೂ ಸಂಪೂರ್ಣವಾಗಿ ದೇವರಾಗಿ ಮಾರ್ಪಡುತ್ತೇವೆ ಎಂಬ ಹೇಳಿಕೆ. ಸೃಷ್ಟಿಕರ್ತನಿಗೂ ಸೃಷ್ಟಿಗೂ ನಡುವಿನ ಗೆರೆ ಅಳಿಯಬಾರದು ಎಂಬುದೇ ಅಲ್ಲಿನ ಆತಂಕ. ಎರಡು ಶತಮಾನಗಳ ನಂತರ ಬಂದ ಸ್ಪೇನಿನ ಸಂನ್ಯಾಸಿ, ಶಿಲುಬೆಯ ಯೋವಾನ್ನನು (1542–1591) ಇದೇ ವಿಷಯವನ್ನು ಹೆಚ್ಚು ಎಚ್ಚರದಿಂದ ಹೇಳಿದನು: ಬಿಸಿಲು ಬಿದ್ದ ಸ್ವಚ್ಛ ಗಾಜಿನ ಕಿಟಕಿ ಬೆಳಕೇ ಆಗಿ ತೋರುತ್ತದೆ, ಆದರೂ ಗಾಜು ಗಾಜೇ, ಕಿರಣ ಕಿರಣವೇ. ಶರಣರ ಷಟ್‌ಸ್ಥಲದಲ್ಲಿ ಆರು ಮೆಟ್ಟಿಲುಗಳಲ್ಲಿ ಮೊದಲನೆಯದಾದ ಭಕ್ತಸ್ಥಲದಿಂದ ಏರುತ್ತ ಬಂದ ಸಾಧಕನು ಕೊನೆಯ ಐಕ್ಯಸ್ಥಲವನ್ನು ಮುಟ್ಟಿದಾಗ ಇಂಥದೊಂದು ಕಾವಲಿನ ಮಾತು ಬೇಕೆಂದು ಯಾರಿಗೂ ಅನಿಸುವುದಿಲ್ಲ. ಅಂಗವು ಲಿಂಗದಲ್ಲಿ ಸಮರಸವಾಗುವುದೇ ಅಲ್ಲಿಯ ಗುರಿ. ಹೀಗಿರುವಾಗ ಯೋವಾನ್ನನ ಕಾಲದ ಸ್ಪೇನಿನ ಸಂನ್ಯಾಸಿನಿ ಅವಿಲಾದ ತೆರೇಸಾ ಆತ್ಮದ ಒಳಪಯಣಕ್ಕೆ ಹೇಳಿದ ಏಳು ಅಂತಃಪುರಗಳನ್ನೂ ಆರು ಸ್ಥಲಗಳನ್ನೂ ಎದುರುಬದುರು ಬರೆದು ಕೋಷ್ಟಕ ಹಾಕುವ ಪ್ರಯತ್ನಗಳಿಂದ ನನಗೆ ತೃಪ್ತಿಯಾದದ್ದಿಲ್ಲ.

ನೀವಿಬ್ಬರೂ ಹೋಗುವ ಹರಿಹರದ್ದೇ ಉದಾಹರಣೆ ಬೇಕಾದರೆ, ಹೊಯ್ಸಳರ ಕಾಲದ ಹರಿಹರೇಶ್ವರನ ಮೂರ್ತಿಯನ್ನು ನೋಡಿ. ಬಲಗಡೆ ಶಿವ, ಎಡಗಡೆ ವಿಷ್ಣು. ಮೈ ಒಂದೇ ಆದರೂ ಎರಡೂ ಕಡೆಯ ಲಾಂಛನಗಳು ಅವರವರ ಕೈಯಲ್ಲೇ ಉಳಿದಿವೆ. ಕೂಡಿ ನಿಲ್ಲುವುದಕ್ಕೆ ಗುರುತು ಅಳಿಸಿಕೊಳ್ಳಬೇಕಿಲ್ಲ ಎಂಬುದನ್ನು ಆ ಶಿಲ್ಪಿ ಬಲ್ಲವನಾಗಿದ್ದನು. ಆದರೆ ಶೈವ, ವೈಷ್ಣವಗಳು ಒಂದೇ ಅಂಗಳದ ನೆರೆಯವು. ಕ್ರೈಸ್ತ ಅನುಭಾವಕ್ಕೂ ಶರಣರ ಅನುಭಾವಕ್ಕೂ ನಡುವೆ ಇರುವ ದೂರ ಇನ್ನೂ ಹೆಚ್ಚಿನದು. ಆದ್ದರಿಂದ ಈ ಹೋಲಿಕೆಯನ್ನು ಇಲ್ಲಿಗೇ ಬಿಡುತ್ತೇನೆ.

ಸಿದ್ಧಾಂತಕ್ಕಿಂತ ಆಚರಣೆಯಲ್ಲಿ ನೋಡಿದರೆ ಸಾಮ್ಯವೂ ಅಂತರವೂ ಇನ್ನಷ್ಟು ಸ್ಪಷ್ಟವಾಗುತ್ತವೆ. ಅಕ್ಕನವರು ಬೆಳಿಗ್ಗೆ ಇಷ್ಟಲಿಂಗವನ್ನು ಕರಡಿಗೆಯಿಂದ ತೆಗೆದು ಎಡ ಅಂಗೈಯ ಮೇಲಿಟ್ಟು, ಕಣ್ಣಿನ ಎತ್ತರಕ್ಕೆ ಹಿಡಿದು, ರೆಪ್ಪೆ ಮಿಟುಕಿಸದೆ ನೋಡುವುದನ್ನು ನೀವು ಕಂಡಿರಬಹುದು. ನೀವು ಬಲಿಪೂಜೆಯಲ್ಲಿ ಪರಮಪ್ರಸಾದವನ್ನು, ಅಂದರೆ ಆ ಪವಿತ್ರ ರೊಟ್ಟಿಯನ್ನು, ಕೈಯಲ್ಲಿ ಸ್ವೀಕರಿಸುವಾಗಲೂ ಸಾಮಾನ್ಯವಾಗಿ ಎಡ ಅಂಗೈಯನ್ನೇ ಮೇಲೆ ಮಾಡಿ, ಬಲಗೈಯನ್ನು ಅದರ ಅಡಿಗಿಟ್ಟು ಚಾಚುತ್ತೀರಿ. ನಿರಾಕಾರನೆಂದು ನಂಬಿದವನನ್ನು ಅಂಗೈಯಷ್ಟು ಜಾಗದಲ್ಲಿ ಬರಮಾಡಿಕೊಳ್ಳುವ ಧೈರ್ಯ ಎರಡು ಕಡೆಯೂ ಇದೆ. ಆದರೆ ಒಂದು ಕಡೆ ಆ ರೊಟ್ಟಿಯನ್ನು ತಿನ್ನುತ್ತೀರಿ, ಅದು ಸಭೆಯ ನಡುವೆ ಯಾಜಕರ ಕೈಯಿಂದ ಬಂದದ್ದು, ಎಲ್ಲರೂ ಹಂಚಿಕೊಂಡದ್ದು. ಇನ್ನೊಂದು ಕಡೆ ಲಿಂಗವು ದೀಕ್ಷೆಯಲ್ಲಿ ಗುರುವಿನಿಂದ ಬಂದು, ನೋಟದ ನಂತರ ಮತ್ತೆ ಎದೆಗೆ ಮರಳಿ, ಸಾಯುವವರೆಗೂ ಆ ಒಬ್ಬರ ಮೈಮೇಲೆಯೇ ಇರುತ್ತದೆ. ಧ್ಯಾನದಲ್ಲಿ ಮೇಲೇರಿದವರು ಕ್ರಿಸ್ತನ ಮಾನವರೂಪವನ್ನು ನೆನೆಯುವುದನ್ನು ಬಿಡಬೇಕು ಎಂದು ತನ್ನ ಕಾಲದ ಕೆಲವರು ಹೇಳಿದಾಗ ತೆರೇಸಾ ಅದನ್ನು ಖಡಾಖಂಡಿತವಾಗಿ ನಿರಾಕರಿಸಿದಳು. ಇಷ್ಟಲಿಂಗವನ್ನು ಎಂದೂ ಕೆಳಗಿಡದ ಅಕ್ಕನವರಿಗೆ ತೆರೇಸಾಳ ಈ ಹಟ ನಮಗಿಂತ ಬೇಗ ಅರ್ಥವಾಗುತ್ತದೆಂದು ನನ್ನ ನಂಬಿಕೆ.

ಇನ್ನು ಈ ಬಗೆಯ ಸಂವಾದಕ್ಕೆ ತಮ್ಮ ಬದುಕನ್ನೇ ಒಪ್ಪಿಸಿದವರನ್ನು ನೆನೆಯದೆ ಮುಂದುವರಿಯುವುದು ನ್ಯಾಯವಲ್ಲ. ಫ್ರಾನ್ಸಿನ ಯಾಜಕ ಜೂಲ್ ಮೋನ್ಶನೆ ಮತ್ತು ಬೆನೆಡಿಕ್ಟೈನ್ ಸಂನ್ಯಾಸಿ ಹೆನ್ರಿ ಲಸೋ 1950ರಲ್ಲಿ ತಮಿಳುನಾಡಿನ ಕುಳಿತ್ತಲೈ ಬಳಿ, ಕಾವೇರಿಯ ದಡದಲ್ಲಿ, ಶಾಂತಿವನವೆಂಬ ಸಚ್ಚಿದಾನಂದ ಆಶ್ರಮವನ್ನು ಆರಂಭಿಸಿದರು. ಅದಕ್ಕೆ ಹಿಂದಿನ ವರ್ಷ ಅರುಣಾಚಲದಲ್ಲಿ ರಮಣ ಮಹರ್ಷಿಗಳನ್ನು ಕಂಡದ್ದು ಲಸೋ ಅವರ ಬದುಕನ್ನು ತಿರುಗಿಸಿತು. ಅಭಿಷಿಕ್ತಾನಂದ ಎಂಬ ಹೆಸರಿನಿಂದ ಅವರು ಅರುಣಾಚಲದ ಗುಹೆಗಳಲ್ಲಿ, ಕೊನೆಗೆ ಉತ್ತರಕಾಶಿಯಲ್ಲಿ ಬಾಳಿದರು. ಬಲಿಪೂಜೆಯನ್ನು ಬಿಡಲಿಲ್ಲ, ಅದ್ವೈತದ ಅನುಭವವನ್ನು ಸುಳ್ಳೆನ್ನಲೂ ಅವರಿಂದ ಆಗಲಿಲ್ಲ. ಎರಡನ್ನೂ ಒಂದು ಸೂತ್ರದಲ್ಲಿ ಪೋಣಿಸಲಾಗದ ಸಂಕಟ ಅವರನ್ನು ವರ್ಷಗಟ್ಟಲೆ ಕಾಡಿತು. ಮೋನ್ಶನೆಯವರಾದರೋ ಅದ್ವೈತವೂ ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿಯೇಕ ದೇವರ ವಿಶ್ವಾಸವೂ ಕೂಡುತ್ತವೆ ಎಂಬುದರಲ್ಲಿ ದಿನದಿಂದ ದಿನಕ್ಕೆ ಸಂದೇಹ ತಾಳುತ್ತ ಹೋದರು. ಒಂದೇ ಆಶ್ರಮ, ಒಂದೇ ಪ್ರಾರ್ಥನೆ, ಎರಡು ನಿಲುವು. 1968ರಲ್ಲಿ ಆ ಆಶ್ರಮವನ್ನು ವಹಿಸಿಕೊಂಡ ಇಂಗ್ಲೆಂಡಿನ ಬೀಡ್ ಗ್ರಿಫಿತ್ಸ್ ಭಾರತಕ್ಕೆ ಬಂದ ಹೊಸದರಲ್ಲಿ ನಮ್ಮ ಬೆಂಗಳೂರಿನ ಕೆಂಗೇರಿಯಲ್ಲಿ ನೆಲೆಸಿದ್ದರು ಎಂಬುದನ್ನು ಕನ್ನಡದ ಓದುಗರು ತಿಳಿದಿರಬೇಕು. ನನಗೆ ಈ ಮೂವರಲ್ಲಿ ಅಭಿಷಿಕ್ತಾನಂದರ ಮೇಲೆಯೇ ಹೆಚ್ಚು ಗೌರವ. ಬಗೆಹರಿಯದ್ದನ್ನು ಬಗೆಹರಿಯಿತೆಂದು ಅವರು ತಮಗೆ ತಾವೇ ಹೇಳಿಕೊಳ್ಳಲಿಲ್ಲ.

ಹೊರಗಿನಿಂದ ಬಂದವರ ಕಥೆಯಷ್ಟೇ ಇದು ಎಂದು ತಿಳಿಯುವುದೂ ಬೇಡ. ಬಾಸೆಲ್ ಮಿಷನ್ನಿನ ಪಾದ್ರಿಯಾಗಿದ್ದುಕೊಂಡೇ ಉತ್ತಂಗಿ ಚೆನ್ನಪ್ಪನವರು ಊರೂರು ಅಲೆದು ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು, ಅನುಭವ ಮಂಟಪದ ಐತಿಹಾಸಿಕತೆಯನ್ನು ಎತ್ತಿ ಹಿಡಿದು ಬರೆದರು, 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕ್ರಿಸ್ತನನ್ನು ಬಿಡದೆ ಶರಣರನ್ನು ಮನಸಾರೆ ಓದಿದ ಕನ್ನಡಿಗರು ನಿಮಗಿಂತ ಮೊದಲೂ ಇದ್ದರು. ನಿಮ್ಮ ಊರಿನ ಪಾಲೂ ಇದರಲ್ಲಿದೆ: 1913ರಲ್ಲಿ ಹರ್ಡೇಕರ ಮಂಜಪ್ಪನವರು ಮೃತ್ಯುಂಜಯ ಸ್ವಾಮಿಗಳೊಡನೆ ದಾವಣಗೆರೆಯ ವಿರಕ್ತಮಠದಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆರಂಭಿಸಿದರು. ವಚನವು ಓಲೆಗರಿಯಿಂದ ಇಳಿದು ಯಾರು ಬೇಕಾದರೂ ಬಂದು ಕೂತು ಕೇಳುವ ಮಾತಾದದ್ದಕ್ಕೆ ಅಂಥವರ ದುಡಿಮೆ ಕಾರಣ.

ಈಗ ನಾನು ಆರಂಭದಲ್ಲಿ ಹೇಳಿದ ಮಾತಿಗೆ ಬರುತ್ತೇನೆ. ಎಕ್‌ಹಾರ್ಟನನ್ನು ಹೆಚ್ಚಿನವರು ಮರುಭೂಮಿಗಾಗಿ ಓದುತ್ತಾರೆ. ನಾನು ನಿಮಗೆ ಹೇಳುವುದು, ಅವನನ್ನು ಸಾರಿನ ಬಟ್ಟಲಿಗಾಗಿ ಓದಿ. ಜರ್ಮನಿಯ ಎರ್ಫರ್ಟಿನ ಮಠದಲ್ಲಿ ಹಿರಿಯನಾಗಿದ್ದಾಗ ಎಳೆಯ ಸಂನ್ಯಾಸಿಗಳಿಗೆ ಹೇಳಿದ ಪಾಠಗಳಲ್ಲಿ ಅವನು ಹೀಗೆನ್ನುತ್ತಾನೆ: ಸಂತ ಪೌಲನಿಗೆ ಆದಂಥ ಪರವಶತೆಯಲ್ಲಿ ನೀವು ಮುಳುಗಿರುವಾಗ ರೋಗಿಯೊಬ್ಬನಿಗೆ ಒಂದಿಷ್ಟು ಸಾರು ಬೇಕಾಗಿದೆಯೆಂದು ತಿಳಿದರೆ, ಆ ಪರವಶತೆಯನ್ನು ಬಿಟ್ಟೆದ್ದು ಪ್ರೀತಿಯಿಂದ ಅವನಿಗೆ ಸಾರು ಕೊಡುವುದೇ ಮೇಲು. ಇದರ ಪಕ್ಕದಲ್ಲಿ ಆಯ್ದಕ್ಕಿ ಮಾರಯ್ಯನ ವಚನವನ್ನಿಡಿ: ‘ಕಾಯಕದಲ್ಲಿ ನಿರತನಾದಡೆ ಗುರುದರ್ಶನವಾದಡೂ ಮರೆಯಬೇಕು, ಲಿಂಗಪೂಜೆಯಾದಡೂ ಮರೆಯಬೇಕು, ಜಂಗಮ ಮುಂದಿದ್ದಡೂ ಹಂಗು ಹರಿಯಬೇಕು.’ ಕಾಯಕವೇ ಕೈಲಾಸವಾದ ಕಾರಣ ಎಂದು ಅವನು ಅದಕ್ಕೆ ಕೊಡುವ ಸಮರ್ಥನೆ ನಮ್ಮ ಬಾಯಲ್ಲಿ ಸವೆದುಹೋದ ನುಡಿಯಾಗಿದೆ. ಅದಕ್ಕೆ ಮುಂಚಿನ ಸಾಲುಗಳ ಬಿರುಸನ್ನು ಮಾತ್ರ ನಾವು ಮರೆತಿದ್ದೇವೆ. ಗುರು, ಲಿಂಗ, ಜಂಗಮಗಳೇ ಸರ್ವಸ್ವವಾಗಿದ್ದ ಪರಂಪರೆಯಲ್ಲಿ ನಿಂತು ಒಬ್ಬ ಅಕ್ಕಿ ಆಯುವವನು, ಆ ಮೂರನ್ನೂ ಮರೆಯಬೇಕಾದ ಹೊತ್ತೊಂದಿದೆ ಎನ್ನುತ್ತಾನೆ. ದೇವದರ್ಶನವೇ ಗುರಿಯಾಗಿದ್ದ ಮಠದಲ್ಲಿ ನಿಂತು ಎಕ್‌ಹಾರ್ಟನು ಆ ದರ್ಶನವನ್ನೇ ಬಿಟ್ಟೇಳುವ ಹೊತ್ತೊಂದಿದೆ ಎನ್ನುತ್ತಾನೆ. ಕಲ್ಯಾಣಕ್ಕೂ ಎರ್ಫರ್ಟಿಗೂ ಯಾವ ಸಂಪರ್ಕವೂ ಇಲ್ಲದ ಕಾಲದ ಮಾತುಗಳಿವು.

ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಬರುವ ಮಾರ್ತ, ಮರಿಯರ ಪ್ರಸಂಗ ನಿಮಗೆ ಗೊತ್ತೇ ಇದೆ. ಯೇಸು ಮನೆಗೆ ಬಂದಾಗ ಮರಿಯ ಅವರ ಪಾದದ ಬಳಿ ಕುಳಿತು ಉಪದೇಶ ಕೇಳುತ್ತಾಳೆ, ಮಾರ್ತ ಅಡುಗೆ, ಉಪಚಾರಗಳಲ್ಲಿ ದಣಿದು ದೂರುತ್ತಾಳೆ, ಮರಿಯಳು ಉತ್ತಮ ಭಾಗವನ್ನು ಆರಿಸಿಕೊಂಡಿದ್ದಾಳೆ ಎಂದು ಯೇಸು ಹೇಳುತ್ತಾರೆ. ಧ್ಯಾನವು ದುಡಿಮೆಗಿಂತ ಮೇಲು ಎಂಬುದಕ್ಕೆ ಶತಮಾನಗಳ ಕಾಲ ಇದನ್ನೇ ಆಧಾರ ಮಾಡಿಕೊಂಡಿದ್ದರು. ಎಕ್‌ಹಾರ್ಟ್ ತನ್ನೊಂದು ಪ್ರವಚನದಲ್ಲಿ ಇದನ್ನು ತಲೆಕೆಳಗು ಮಾಡುತ್ತಾನೆ: ಮರಿಯ ಇನ್ನೂ ಕಲಿಯುತ್ತಿರುವವಳು, ಆ ಸಿಹಿಯಲ್ಲೇ ಅವಳು ನಿಂತುಬಿಡಬಾರದೆಂದೇ ಮಾರ್ತ ದೂರುತ್ತಾಳೆ, ಮಾರ್ತಳಾದರೋ ಬಲಿತವಳು, ಕೆಲಸದ ನಡುವೆ ಇದ್ದರೂ ಅವಳ ಒಳಗು ಕದಡುವುದಿಲ್ಲ. ತೆರೇಸಾಳೂ 1577ರಲ್ಲಿ ತನ್ನ ಸೋದರಿಯರಿಗಾಗಿ ಬರೆದ ಗ್ರಂಥದ ಏಳನೆಯ, ಅಂದರೆ ಕಟ್ಟಕಡೆಯ, ಅಂತಃಪುರದಲ್ಲಿ ದೇವರೊಡನೆ ಆತ್ಮದ ಮದುವೆಯನ್ನು ವರ್ಣಿಸಿದ ನಂತರ, ಈ ಮದುವೆಯ ಉದ್ದೇಶವೇ ಒಳ್ಳೆಯ ಕೆಲಸಗಳು ಹುಟ್ಟುವುದು, ಪ್ರಭುವನ್ನು ಉಪಚರಿಸಲು ಮಾರ್ತ, ಮರಿಯ ಇಬ್ಬರೂ ಕೂಡಬೇಕು ಎಂದು ಬರೆಯುತ್ತಾಳೆ. ಅಡುಗೆಮನೆಯ ಪಾತ್ರೆಪಡಗಗಳ ನಡುವೆಯೂ ಪ್ರಭು ನಡೆದಾಡುತ್ತಾನೆ ಎಂದದ್ದೂ ಅವಳೇ. ಏರಿದ ಮೇಲೆ ಇಳಿಯಬೇಕು, ಇಳಿದು ದುಡಿಯಬೇಕು ಎಂಬ ಈ ಮಾತನ್ನು ಶರಣರಿಗೆ ಯಾರೂ ವಿವರಿಸಬೇಕಾಗಿಲ್ಲ.

ಇಲ್ಲಿಯೂ ಅಂತರವಿದೆ, ಅದೇ ನನಗೆ ಹೆಚ್ಚು ಕಲಿಸಿದ್ದು. ಎಕ್‌ಹಾರ್ಟನ ಡೊಮಿನಿಕನ್ನರು ಭಿಕ್ಷೆಯಿಂದ ಬದುಕುವ ಸಂನ್ಯಾಸಿಗಳು. ಮಾರಯ್ಯನಾದರೋ ಸಂಸಾರಿ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ: ‘ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?’ ಎಂದು ಕೇಳಿ, ‘ಈಸಕ್ಕಿಯಾಸೆ ನಿಮಗೇಕೆ?’ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಗಂಡನಿಗೆ ಹೆಂಡತಿ ಗುರುವಾಗುವ ಇಂಥ ದೃಶ್ಯ ಕ್ರೈಸ್ತ ಅನುಭಾವ ಸಾಹಿತ್ಯದಲ್ಲಿ ಅಪರೂಪ, ಏಕೆಂದರೆ ಅದರ ಬಹುಪಾಲು ಮಠಗಳ ಬ್ರಹ್ಮಚರ್ಯದೊಳಗೆ ಬೆಳೆದದ್ದು. ದುಡಿಮೆಯ ಗೌರವ ಅಲ್ಲಿ ಇಲ್ಲವೆಂದಲ್ಲ. ಆರನೆಯ ಶತಮಾನದ ಸಂತ ಬೆನೆಡಿಕ್ಟನ ನಿಯಮಾವಳಿ, ಸ್ವಂತ ಕೈಗಳ ದುಡಿಮೆಯಿಂದ ಬದುಕಿದಾಗಲೇ ಅವರು ನಿಜವಾದ ಸಂನ್ಯಾಸಿಗಳು ಎನ್ನುತ್ತದೆ. ಆದರೆ ಸಂಸಾರದ ಅಕ್ಕಿಯಲ್ಲೇ ಅನುಭಾವವನ್ನು ತೂಗುವ ಲಕ್ಕಮ್ಮನಂಥವಳು ಕ್ರೈಸ್ತ ಪರಂಪರೆಗೆ ಕೇಳಬಹುದಾದ ಪ್ರಶ್ನೆ ದೊಡ್ಡದು. ಕ್ರೈಸ್ತ ಪರಂಪರೆಯೂ ಬರಿಗೈಯಲ್ಲಿ ಬರುವುದಿಲ್ಲ. ಶಿಲುಬೆಯ ಯೋವಾನ್ನನನ್ನು 1577ರಲ್ಲಿ ಅವನ ಪಂಗಡದವರೇ ಟೊಲೆಡೊದಲ್ಲಿ ಬಂಧಿಸಿ ಕಿರಿದಾದ ಕತ್ತಲ ಕೋಣೆಯಲ್ಲಿ ತಿಂಗಳುಗಟ್ಟಲೆ ಇಟ್ಟರು. ಅಲ್ಲಿ ಅವನಿಂದ ಕಾವ್ಯ ಹುಟ್ಟಿತು. ಪ್ರಾರ್ಥನೆ ಒಣಗಿಹೋಗಿ ದೇವರೇ ಇಲ್ಲವೇನೋ ಎನ್ನಿಸುವ ದೀರ್ಘ ಇರುಳನ್ನು ಸಾಧನೆಯ ಸೋಲೆಂದು ತಿಳಿಯಬಾರದು, ಅದು ಸಾಧನೆಯದೇ ಒಂದು ಹಂತ ಎಂದು ಅವನಷ್ಟು ತಾಳ್ಮೆಯಿಂದ ವಿವರಿಸಿದವರು ಕಡಿಮೆ. ಅಕ್ಕಮಹಾದೇವಿಯ ವಿರಹದ ವಚನಗಳನ್ನು ಬಲ್ಲ ನಿಮ್ಮ ನೆರೆಯವರಿಗೆ ಯೋವಾನ್ನನ ಇರುಳು ಹೊಸದೇನನ್ನಾದರೂ ಹೇಳುತ್ತದೆಯೇ ಎಂದು ಕೇಳಿ ನೋಡಿ. ಅವರ ಉತ್ತರ ನನಗಿಂತ ನಿಮಗೆ ಹೆಚ್ಚು ಉಪಯೋಗಕ್ಕೆ ಬಂದೀತು.

ಎರಡನೆಯ ಪ್ರಶ್ನೆ, ಜೊತೆಯಲ್ಲಿ ಕುಳಿತು ಧ್ಯಾನಿಸಬಹುದೇ ಎಂಬುದು. ಕಥೋಲಿಕ ಧರ್ಮಾಧ್ಯಕ್ಷರ ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಘೋಷಣೆಯು, ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದು ಸಾರಿದೆ. 1989ರ ಅಕ್ಟೋಬರಿನಲ್ಲಿ ರೋಮಿನ ವಿಶ್ವಾಸ ಸಿದ್ಧಾಂತದ ಪೀಠವು ಕ್ರೈಸ್ತ ಧ್ಯಾನದ ಬಗ್ಗೆ ಧರ್ಮಾಧ್ಯಕ್ಷರಿಗೆ ಬರೆದ ಪತ್ರವು ಹೆಚ್ಚು ಎಚ್ಚರಿಕೆಯದು: ಪೂರ್ವದೇಶಗಳ ಧ್ಯಾನಕ್ರಮಗಳಿಂದ ಉಪಯುಕ್ತವಾದುದನ್ನು ಸ್ವೀಕರಿಸಬಹುದು, ಆದರೆ ತಂತ್ರವನ್ನೇ ಪ್ರಾರ್ಥನೆಯೆಂದು ಭ್ರಮಿಸಬಾರದು, ಪ್ರಾರ್ಥನೆ ಎಂದರೆ ದೇವರೊಡನೆ ವ್ಯಕ್ತಿಯ ಸಂಬಂಧ ಎಂಬುದನ್ನು ಮರೆಯಬಾರದು ಎಂಬುದು ಅದರ ತಾತ್ಪರ್ಯ. ಎರಡನ್ನೂ ಓದಿದ ಮೇಲೆ, ನೀವು ನಿಮ್ಮ ಪ್ರಭುವಿನ ನೆನಹಿನಲ್ಲಿ, ಅಕ್ಕನವರು ತಮ್ಮ ಲಿಂಗದ ನೆನಹಿನಲ್ಲಿ ಒಂದೇ ಕೋಣೆಯಲ್ಲಿ ಮೌನವಾಗಿ ಕೂರುವುದಕ್ಕೆ ಯಾವ ಅಡ್ಡಿಯೂ ನನಗೆ ಕಾಣುವುದಿಲ್ಲ. ಮನಸ್ಸಿಗೆ ಅಳುಕಿದ್ದರೆ ನಿಮ್ಮ ಧರ್ಮಕೇಂದ್ರದ ಗುರುಗಳ ಬಳಿ ಮುಚ್ಚುಮರೆಯಿಲ್ಲದೆ ಮಾತಾಡಿ. ಒಂದೆರಡು ಗಡಿಗಳನ್ನು ಮಾತ್ರ ಇಬ್ಬರೂ ಕಾಪಾಡಿಕೊಳ್ಳಿ. ಇಷ್ಟಲಿಂಗವು ದೀಕ್ಷೆಯಿಂದ ಬರುವಂಥದ್ದು, ನೋಡೋಣವೆಂದು ಕೇಳಿ ಅಂಗೈಗೆ ತೆಗೆದುಕೊಳ್ಳುವಂಥದ್ದಲ್ಲ. ಹರಿಹರದ ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸದೆ ಅಕ್ಕನವರು ತಮ್ಮ ಜಾಗದಲ್ಲೇ ಕೈಮುಗಿದು ನಿಂತರೆ ಅದು ದೂರವಿರುವುದೂ ಅಲ್ಲ, ಅವರನ್ನು ದೂರವಿಟ್ಟದ್ದೂ ಅಲ್ಲ. ಪವಿತ್ರವಾದುದನ್ನು ಅದರ ಮನೆಯಲ್ಲೇ ಬಿಟ್ಟು ಗೌರವಿಸುವುದನ್ನು ನಮ್ಮ ಹಳ್ಳಿಗಳ ಜನ ಯಾರ ಉಪದೇಶವೂ ಇಲ್ಲದೆ ಬಲ್ಲರು.

ಓದಿನ ವಿಷಯಕ್ಕೆ ಬಂದರೆ, ಅಲ್ಲಮನಿಂದಲೂ ಎಕ್‌ಹಾರ್ಟನ ಮರುಭೂಮಿಯಿಂದಲೂ ಆರಂಭಿಸಬೇಡಿ. ಮೊದಲ ದಿನ ನೀವು ಲೂಕನ ಹತ್ತನೆಯ ಅಧ್ಯಾಯದ 38ರಿಂದ 42ರವರೆಗಿನ ವಾಕ್ಯಗಳನ್ನು ಗಟ್ಟಿಯಾಗಿ ಓದಿ, ಅಕ್ಕನವರು ಮಾರಯ್ಯ, ಲಕ್ಕಮ್ಮರ ವಚನಗಳನ್ನು ಓದಲಿ. ಮಾರ್ತಳ ದೂರು ಸರಿಯೇ, ಲಕ್ಕಮ್ಮ ಅಕ್ಕಿಯನ್ನು ಹಿಂದಿರುಗಿಸಿದ್ದು ಸರಿಯೇ ಎಂದು ಇಬ್ಬರೂ ವಾದ ಮಾಡಿ. ಮನೆ, ಕಾಲೇಜು, ಅಡುಗೆಗಳ ನಡುವೆ ಪ್ರಾರ್ಥನೆಗೆ ಹೊತ್ತು ಹೊಂದಿಸಿಕೊಳ್ಳುವವರಿಗೆ ಈ ವಾದ ಬರಿಯ ಪಾಂಡಿತ್ಯವಾಗುವುದಿಲ್ಲ. ಆಮೇಲೆ ತೆರೇಸಾಳ ಏಳನೆಯ ಅಂತಃಪುರದ ಕೊನೆಯ ಅಧ್ಯಾಯವನ್ನು ತೆಗೆದುಕೊಳ್ಳಿ, ಅದರ ಜೊತೆಗೆ, ಗುರುವಾದರೂ ಜಂಗಮನಾದರೂ ಕಾಯಕದಿಂದ ಬಿಡುಗಡೆಯಿಲ್ಲ ಎಂದ ನುಲಿಯ ಚಂದಯ್ಯನ ವಚನಗಳನ್ನು. ನಿಮ್ಮದು ಅವರಿಗೂ ಅವರದು ನಿಮಗೂ ಪರಿಚಿತವಾದ ಮೇಲೆ, ಬಹುಶಃ ಮುಂದಿನ ಶ್ರಾವಣದ ಹೊತ್ತಿಗೆ, ಬಯಲಿನ ವಚನಗಳನ್ನೂ ಮರುಭೂಮಿಯ ಪ್ರವಚನಗಳನ್ನೂ ಒಟ್ಟಿಗೆ ತೆರೆಯಿರಿ. ಒಂದೇ ಎನ್ನಬಹುದೇ ಎಂಬ ಪ್ರಶ್ನೆಯನ್ನು ಆಗ ಅಕ್ಕನವರಿಗೂ ಕೇಳಿ, ಅವರು ಹೇಳಿದ್ದನ್ನು ನನಗೂ ಬರೆದು ತಿಳಿಸಿ.